ಗೊರಬಿಲ್ಲದೆ ಬೆಟ್ಟ ಹತ್ತಿದವರು

ಗಾಳಿ ಎದೆಗೆ ಗುದ್ದುತ್ತಿದೆ. ಆಲಿಕಲ್ಲು ಮುಖಕ್ಕೆ ರಾಚುತ್ತಿದೆ. ಝಾಂಗ್ ಶಿಯಾವ್‌ಟಾವ್ ನಾಲ್ಕು ಹೆಜ್ಜೆ ಏರುತ್ತಾನೆ, ಬೀಳುತ್ತಾನೆ. ಏಳುತ್ತಾನೆ, ಮತ್ತೆ ಬೀಳುತ್ತಾನೆ. ಬೆರಳುಗಳು ಮರಗಟ್ಟಿವೆ. ಬಾಯೊಳಗಿಟ್ಟರೂ ಅವಕ್ಕೆ ಬಿಸಿ ತಾಗುತ್ತಿಲ್ಲ, ನಾಲಿಗೆಯೇ ತಣ್ಣಗಾಗಿದೆ. ಉಳಿದಿರುವ ಕೊನೆಯ ತ್ರಾಣದಲ್ಲಿ ಜಿಪಿಎಸ್ ಯಂತ್ರದ ತುರ್ತು ಗುಂಡಿ ಒತ್ತುತ್ತಾನೆ. ಅಷ್ಟೇ, ಪ್ರಜ್ಞೆ ತಪ್ಪುತ್ತದೆ.

ಅದು 2021ರ ಮೇ 22. ಚೀನಾದ ಗಾನ್ಸು ಪ್ರಾಂತ್ಯದಲ್ಲಿ ಹಳದಿ ನದಿಯ ಬದಿಯ ಕಲ್ಲುಬೆಟ್ಟಗಳು. ಬೆಳಿಗ್ಗೆ 172 ಮಂದಿ 100 ಕಿಲೋಮೀಟರ್ ಓಟಕ್ಕೆ ಹೊರಟಿದ್ದರು. ಎರಡನೇ ತಪಾಸಣಾ ಠಾಣೆ ದಾಟಿದ ಮೇಲೆ ಸುಮಾರು ಎಂಟು ಕಿಲೋಮೀಟರ್ ದೂರದ, ಸಾವಿರ ಮೀಟರ್ ಎತ್ತರದ ಏರು. ವಾಹನ ಹೋಗುವ ದಾರಿಯಿಲ್ಲ. ಮೇಲೆ ಅನ್ನಾಹಾರವಿಲ್ಲ, ತಲೆ ಮರೆಮಾಡಲು ಸೂರಿಲ್ಲ. ಮಧ್ಯಾಹ್ನ ಅಲ್ಲಿಯೇ ಬಿರುಗಾಳಿ, ಹಿಮಮಳೆ ಅವರನ್ನು ಹಿಡಿದವು. 21 ಮಂದಿ ಸತ್ತರು. ಚೀನಾದ ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಅವರಲ್ಲೊಬ್ಬ.

ಮುಂಚೂಣಿಯಲ್ಲಿದ್ದ ಆರು ಮಂದಿಯಲ್ಲಿ ಬದುಕುಳಿದವನು ಝಾಂಗ್ ಒಬ್ಬನೇ. ಉಳಿದ ಐವರಿಗೆ ಕಾಲಿನ ಕಸುವಾಗಲಿ ಅನುಭವವಾಗಲಿ ಕಡಿಮೆಯಿರಲಿಲ್ಲ. ಬೇಗ ಓಡಿದ್ದಕ್ಕೇ ಅವರು ಬಿರುಗಾಳಿಯ ಬಾಯಿಗೆ ಮೊದಲು ಸಿಕ್ಕರು. ಹಿಂದಿದ್ದ ಹಲವರಿಗೆ ಮೇಲಿಂದ ನಡುಗುತ್ತ ಇಳಿಯುವ ಮುಖಗಳು ಕಂಡವು, ಅವರು ತಿರುಗಿದರು. ಮುಂದಿದ್ದವರಿಗೆ ಎಚ್ಚರಿಕೆ ಹೇಳಲು ಯಾರಿದ್ದರು? ನಮ್ಮ ಕಂಪನಿಗಳಲ್ಲೂ ಅತಿ ಚುರುಕಿನವರೇ ಮೊದಲು ಕುಸಿಯುವುದನ್ನು ನೋಡಿದಾಗೆಲ್ಲ ನನಗೆ ಈ ಆರು ಜನ ನೆನಪಾಗುತ್ತಾರೆ. ಅವರನ್ನು ಹುರಿದುಂಬಿಸುವವರು ನೂರು ಜನ ಇರುತ್ತಾರೆ, ಮುಂದಿನ ತಿರುವಿನಲ್ಲಿ ಏನಿದೆ ಎಂದು ನೋಡಿ ಹೇಳುವವರು ಒಬ್ಬರೂ ಇರುವುದಿಲ್ಲ.

ಆದರೆ ಆ ಸಾವುಗಳು ಬೆಟ್ಟದ ಮೇಲೆ ತೀರ್ಮಾನವಾದವಲ್ಲ. ಗಾಳಿ ತಡೆಯುವ ಜಾಕೆಟ್ಟನ್ನು ಸಂಘಟಕರು ಕಡ್ಡಾಯದ ಪಟ್ಟಿಯಲ್ಲಿ ಸೇರಿಸಿರಲಿಲ್ಲ, ಇದ್ದರೆ ಒಳ್ಳೆಯದು ಎಂದಷ್ಟೇ ಸೂಚಿಸಿದ್ದರು. ಹಲವರ ಜಾಕೆಟ್ಟು ಆರನೇ ಠಾಣೆಗೆ ಹೋಗುವ ಚೀಲದಲ್ಲಿತ್ತು, ಚಳಿ ಹಿಡಿದದ್ದು ಮೂರನೇ ಠಾಣೆಗೂ ಮೊದಲು. ಹವಾಮಾನದ ಎಚ್ಚರಿಕೆ ಬಂದಿದ್ದರೂ ಅದಕ್ಕೆ ತಕ್ಕ ಕ್ರಮ ಕೈಗೊಳ್ಳಲಿಲ್ಲವೆಂದು ಮುಂದೆ ಸರ್ಕಾರಿ ತನಿಖೆಯೇ ಹೇಳಿತು. ಇನ್ನೊಂದು ಸಂಗತಿಯಿದೆ. ಗಡುವಿನೊಳಗೆ ಓಟ ಮುಗಿಸಿದ ಪ್ರತಿಯೊಬ್ಬರಿಗೂ 1,600 ಯುವಾನ್ ಎಂದು ಘೋಷಿಸಿದ್ದರು. ಚಳಿಗೆ ಹಲ್ಲು ಕಟಕಟಿಸುವಾಗಲೂ ಹಿಂದಿರುಗಲು ಮನಸ್ಸು ಒಪ್ಪದಂತೆ ಮಾಡುವ ಹಣ ಅದು. ಗುರಿ ಮುಟ್ಟಿದವರಿಗೆ ಮಾತ್ರ ಬಹುಮಾನ ಎನ್ನುವ ಪ್ರತಿ ಮ್ಯಾನೇಜರ್ ಈ ಒಂದು ಸಾಲನ್ನು ಎರಡು ಸಲ ಓದಬೇಕು.

ಇಂಥ ಎಚ್ಚರ ನಮ್ಮ ಗದ್ದೆಗಳಲ್ಲಿತ್ತು. ಸೊರಬದ ಹೊಸಬಾಳೆಯ ಕಡೆ, ಶಿಕಾರಿಪುರದ ಮಳೆಹಳ್ಳಿಗಳಲ್ಲಿ, ಆರಿದ್ರಾ ಮಳೆಯ ದಿನಗಳಲ್ಲಿ ಸಸಿ ನೆಡಲು ಗದ್ದೆಗಿಳಿಯುವವರ ಬೆನ್ನ ಮೇಲೆ ಮಳೆ ತಡೆಯುವ ಗೊರಬು ಇರುತ್ತಿತ್ತು, ಇಲ್ಲವೇ ಕಂಬಳಿ ಕೊಪ್ಪೆ. ಬೆಳಿಗ್ಗೆ ಬಿಸಿಲು ಕಂಡಿತೆಂದು ಅದನ್ನು ಮನೆಯಲ್ಲಿ ಬಿಟ್ಟು ಹೊರಡುತ್ತಿರಲಿಲ್ಲ. ನಾಟಿ ಮಾಡಿಸುವವರು ಆಳುಗಳನ್ನು ಮಳೆಗೆ ಒಡ್ಡುವ ಮೊದಲು ಮಳೆಯ ಲೆಕ್ಕ ಹಾಕುತ್ತಿದ್ದರು. ಗಾನ್ಸುವಿನ ಸಂಘಟಕರು ಹಾಕದ ಲೆಕ್ಕ ಅದೇ.

ಅತ್ತ ಬೆಟ್ಟದಲ್ಲಿ ಝು ಕೆಮಿಂಗ್ ಎಂಬ ಕುರಿಗಾಹಿ ಮಳೆಗೆ ಒಂದು ಗುಹೆ ಹೊಕ್ಕಿದ್ದ. ಆಪತ್ತಿಗೆಂದು ಬಟ್ಟೆ, ತಿನಿಸನ್ನು ಅಲ್ಲಿ ಅವನು ಮೊದಲೇ ಇಟ್ಟಿದ್ದ. ಹೊರಗೆ ಒಬ್ಬ ಓಟಗಾರ ಸಂಕಟಪಡುತ್ತಿದ್ದುದು ಕಂಡಿತು. ಒಳಗೆ ಎಳೆದುಕೊಂಡ, ಬೆಂಕಿ ಹಾಕಿದ, ಕೈಕಾಲು ತಿಕ್ಕಿದ. ಮತ್ತೆ ನಾಲ್ವರು ಬಂದರು. ಇನ್ನೂ ಕೆಲವರು ಮೇಲೆ ಬಿದ್ದಿದ್ದಾರೆ, ಎಚ್ಚರವಿಲ್ಲ ಎಂದರು. ಆಲಿಕಲ್ಲು ಇನ್ನೂ ಸುರಿಯುತ್ತಿತ್ತು. ಝು ಮತ್ತೆ ಹೊರಗೆ ಹೋದ! ಕಲ್ಲುಗಳ ನಡುವೆ ಬಿದ್ದಿದ್ದ ಝಾಂಗ್‌ನನ್ನು ಗುಹೆಗೆ ತಂದು ರಜಾಯಿ ಹೊದಿಸಿ ಮಲಗಿಸಿದ. ಎರಡು ಗಂಟೆಗೂ ಮೀರಿ ಮಂಪರಿನಲ್ಲಿದ್ದ ಝಾಂಗ್ ಕಣ್ಣು ತೆರೆದ. ಅಂದು ಆರು ಜೀವ ಉಳಿಸಿದ ಈ ಮನುಷ್ಯನಿಗೆ ಯಾವ ಹುದ್ದೆಯೂ ಇರಲಿಲ್ಲ.

ಓಟದಲ್ಲಿ ಒಳ್ಳೆಯ ನಾಯಕತ್ವ ಹೇಗಿರುತ್ತದೆಂದು ನೋಡಲು ಚೀನಾದವರೆಗೆ ಹೋಗಬೇಕಿಲ್ಲ. 2022ರ ಜುಲೈ 2 ಮತ್ತು 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಮತ್ತು ಓಷಿಯಾನಿಯಾದ 24 ಗಂಟೆಗಳ ಓಟದ ಚಾಂಪಿಯನ್‌ಷಿಪ್ ನಡೆಯಿತು. 400 ಮೀಟರಿನ ಸುತ್ತು, ಹಗಲೂ ರಾತ್ರಿ. ನಿದ್ದೆ ಬಂದರೂ ಓಟ, ವಾಂತಿಯಾದರೂ ಓಟ, ಪಾದ ಬೊಬ್ಬೆಯೆದ್ದರೂ ಓಟ. ಭಾರತದ ಅಮರ್ ಸಿಂಗ್ ದೇವಂಡ ಸುಮಾರು 258 ಕಿ.ಮೀ. ಓಡಿ ಚಿನ್ನ ಗೆದ್ದರು. 640ಕ್ಕೂ ಹೆಚ್ಚು ಸುತ್ತು! ಬೆಂಗಳೂರಿನ ಉಲ್ಲಾಸ್ ನಾರಾಯಣ 2018ರಲ್ಲಿ ತೈಪೆಯಲ್ಲಿ 250 ಕಿ.ಮೀ. ದಾಟಿ ಕಂಚು ತಂದಿದ್ದು ಇದೇ ಚಾಂಪಿಯನ್‌ಷಿಪ್‌ನಲ್ಲಿ.

ತಂಡದ ಅಂಕದಲ್ಲೇ ನಾಯಕತ್ವದ ನಿಜವಾದ ಪಾಠವಿದೆ. ಮೂವರು ಉತ್ತಮರ ದೂರವನ್ನು ಕೂಡಿಸುತ್ತಾರೆ. ಮೊದಲನೆಯವನ ಒಂದು ಕಿಲೋಮೀಟರಿಗೂ ಮೂರನೆಯವನ ಒಂದು ಕಿಲೋಮೀಟರಿಗೂ ಒಂದೇ ಬೆಲೆ. ಅಂದು ಭಾರತದ ಪುರುಷರ ತಂಡ ಒಟ್ಟು ಸುಮಾರು 740 ಕಿ.ಮೀ. ಓಡಿತು, ಎರಡನೆಯದಾದ ಆಸ್ಟ್ರೇಲಿಯಾ 628. ನಮ್ಮ ತಂಡದಲ್ಲಿ ಸೌರವ್ ಕುಮಾರ್ ರಂಜನ್ ಸುಮಾರು 243, ಜೀನೊ ಆಂಟನಿ ಸುಮಾರು 239. ದೇವಂಡರಿಗೂ ಜೀನೊಗೂ ನಡುವೆ ಅಂತರ 20 ಕಿಲೋಮೀಟರಿನ ಒಳಗೇ. ಟ್ರ್ಯಾಕಿನ ಬದಿಯ ಮೇಜುಗಳ ಹಿಂದೆ ನಿಂತ ಸಹಾಯಕರು ಯಾರಿಗೆ ಯಾವ ಸುತ್ತಿನಲ್ಲಿ ಉಪ್ಪು, ಯಾವ ಸುತ್ತಿನಲ್ಲಿ ನೀರು, ಯಾರು ಈಗ ನಡೆಯಬೇಕು ಎಂದು ನೋಡಿಕೊಳ್ಳುವ ಓಟ ಇದು. ಓಡುವವನ ತಲೆ ಬೆಳಗಿನ ಜಾವಕ್ಕೆ ಕೆಲಸ ಮಾಡುವುದಿಲ್ಲ. ಆಗ ಅವನಿಗಾಗಿ ಯೋಚಿಸುವವರು ಹೊರಗೆ ಇರಬೇಕು.

ನನ್ನ ಕೋರಿಕೆ ಇಷ್ಟೇ. ಮುಂದಿನ ಮಾರ್ಚಿನ ಗುರಿ ಹಾಕುವ ಮ್ಯಾನೇಜರ್ ಒಂದು ಬಹುಮಾನವನ್ನು ಬೇರೆಯಾಗಿ ತೆಗೆದಿಡಲಿ: ಮುಂದೆ ಅಪಾಯವಿದೆಯೆಂದು ಕಂಡು ಮೊದಲು ಹಿಂದಿರುಗಿ, ಬರುತ್ತಿದ್ದವರನ್ನು ತಡೆದವರಿಗೆ. ಗಾನ್ಸುವಿನಲ್ಲಿ ಆ 1,600 ಯುವಾನ್ ಹಾಗೆ ತಿರುಗಿ ಬಂದವರಿಗೂ ಸಲ್ಲುವಂತಿದ್ದರೆ, ಎಷ್ಟೋ ಮಂದಿ ಎರಡನೇ ಠಾಣೆಯಿಂದ ಮೇಲೆ ಹತ್ತುತ್ತಲೇ ಇರಲಿಲ್ಲವೇನೋ.