ಹಡ್ಸನ್ ಕಣಿವೆಯ ಎರಡು ಮರಗಳು

ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯ ಕಣಿವೆಯಲ್ಲಿ ಸೇಬಿನ ತೋಟಗಳೂ ಹಾಥಾರ್ನ್ ಎಂಬ ಮುಳ್ಳುಮರಗಳೂ ನೆರೆಹೊರೆಯಲ್ಲೇ ಬೆಳೆಯುತ್ತವೆ. ಹಾಥಾರ್ನ್ ಆ ನೆಲದ್ದೇ. ಸೇಬು 17ನೆಯ ಶತಮಾನದಲ್ಲಿ ಯೂರೋಪಿನ ವಲಸಿಗರೊಡನೆ ಬಂದದ್ದು. ಹಾಥಾರ್ನಿನ ಸಣ್ಣ ಕೆಂಪು ಹಣ್ಣುಗಳಲ್ಲಿ ಮೊಟ್ಟೆಯಿಡುತ್ತಿದ್ದ ನೊಣವೊಂದು 19ನೆಯ ಶತಮಾನದ ನಡುಭಾಗದಲ್ಲಿ ಸೇಬಿಗೂ ದಾಟಿತು. ತೋಟಗಾರರಿಗೆ ಅದು ಪೀಡೆಯಾಯಿತು. ಕೀಟತಜ್ಞ ಬೆಂಜಮಿನ್ ವಾಲ್ಶ್ ಮಾತ್ರ 1860ರ ದಶಕದಲ್ಲೇ ಅದರಲ್ಲಿ ಹೊಸ ಪ್ರಭೇದವೊಂದರ ಹುಟ್ಟಿನ ಸುಳಿವನ್ನು ಕಂಡನು.

ಇಲ್ಲಿ ಬೆಟ್ಟ ಅಡ್ಡವಿಲ್ಲ, ಕಡಲು ಅಡ್ಡವಿಲ್ಲ. ಅಡ್ಡ ನಿಂತದ್ದು ಕಾಲ. ಸೇಬು ಹಾಥಾರ್ನಿಗಿಂತ ಸುಮಾರು ಮೂರು ವಾರ ಮೊದಲೇ ಮಾಗುತ್ತದೆ. ಸೇಬಿನ ನೊಣಗಳು ಮಣ್ಣಿನಿಂದ ಬೇಗನೆ ಎದ್ದು, ಪರಿಮಳದ ಜಾಡು ಹಿಡಿದು ತಮ್ಮ ಹಣ್ಣನ್ನೇ ಸೇರುತ್ತವೆ, ಅಲ್ಲಿಯೇ ಜೋಡಿಯಾಗುತ್ತವೆ. ಮರದ ಆಯ್ಕೆಯೇ ಸಂಗಾತಿಯ ಆಯ್ಕೆಯೂ ಆಗುತ್ತದೆ.

ಎರಡು ಗುಂಪುಗಳ ವಂಶವಾಹಿಗಳಲ್ಲಿ ಅಂತರವಿರುವುದನ್ನು ವಿಜ್ಞಾನಿಗಳು 1988ರಲ್ಲಿ ತೋರಿಸಿಕೊಟ್ಟರು. ಆದರೂ ಪ್ರತಿ ತಲೆಮಾರಿನಲ್ಲಿ ಶೇಕಡಾ 4ರಿಂದ 6ರಷ್ಟು ಬೆರಕೆ ನಡೆದೇ ಇದೆ. ಬೆರಕೆಯ ಈ ಎಳೆಯನ್ನು ಋತುವೇ ಕತ್ತರಿಸುತ್ತದೆ: ಬೇಗ ಮಣ್ಣು ಸೇರಿದ ಸೇಬಿನ ನೊಣದ ಕೋಶ ಚಳಿಗಾಲದವರೆಗೂ ನಿದ್ರಿಸಬೇಕು, ಶರತ್ಕಾಲದ ಬಿಸಿಲಿಗೆ ಮೋಸಹೋಗಿ ಎಚ್ಚೆತ್ತರೆ ಸಾವು ಖಚಿತ.

ಈ ನೊಣದ ಮರಿಹುಳುವನ್ನು ಉಂಡು ಬೆಳೆಯುವ ಕಣಜವೊಂದು ಕೂಡ ಅದರ ಬೆನ್ನಿಗೇ ಕವಲೊಡೆಯತೊಡಗಿದೆ. ಬೇರೆ ಪ್ರಭೇದವೆಂಬ ಅಂತಿಮ ತೀರ್ಪು ಇನ್ನೂ ಹೊರಬಿದ್ದಿಲ್ಲ. ವಿಚಾರಣೆ ಮಾತ್ರ ವರ್ಷಕ್ಕೊಮ್ಮೆ, ಹಣ್ಣು ಮಾಗುವ ಹೊತ್ತಿಗೆ, ಅದೇ ಕಣಿವೆಯಲ್ಲಿ ಮುಂದುವರಿಯುತ್ತಿದೆ.