ಬಡಗಣ ಗಡಿಯ ನಡುಗಡ್ಡೆ: ಬೀದರ

ನಡುಗಡ್ಡೆಯೆಂದರೆ ಸುತ್ತಲೂ ನೀರಿರಬೇಕೆಂಬುದು ಶಾಲೆಯ ಭೂಗೋಳದ ಪಾಠ. ಕನ್ನಡನಾಡಿನ ಬಡಗಣ ತುದಿಯಲ್ಲಿರುವ ಬೀದರಕ್ಕೆ ಸಮುದ್ರವು ಬಹುದೂರ. ಆದರೂ ಆ ಊರನ್ನೂ ಅದರ ನೆರೆಯ ಭಾಲ್ಕಿ, ಔರಾದಗಳನ್ನೂ ನೋಡಿಬಂದ ಮೇಲೆ ನಮಗೆ ಆ ಹೆಸರೇ ಒಪ್ಪುವುದೆಂದು ತೋರಿತು. ಪಡುವಣಕ್ಕೂ ಬಡಗಣಕ್ಕೂ ಮರಾಠಿಯ ಸೀಮೆ, ಮೂಡಣಕ್ಕೆ ತೆಲುಗಿನ ಸೀಮೆ. ಉಳಿದ ಕನ್ನಡನಾಡಿಗೆ ತೆಂಕಣ ದಿಕ್ಕೊಂದೇ ಬಾಗಿಲು. ಬೆಂಗಳೂರು ಇಲ್ಲಿಂದ 400 ಮೈಲಿಗೂ ಮಿಗಿಲಾದರೆ ಹೈದರಾಬಾದು ಸುಮಾರು 90 ಮೈಲಿ ಮಾತ್ರ.

ಆ ತೆಂಕಣ ಬಾಗಿಲಿಗೂ ರೈಲಿನ ಹಾದಿ ದೊರೆತದ್ದು ಬಹಳ ತಡವಾಗಿ. ಕಲಬುರಗಿಯಿಂದ ಹುಮನಾಬಾದಿನ ಮೇಲೆ ಹಾಯ್ದು ಬೀದರವನ್ನು ಸೇರುವ ಸುಮಾರು 70 ಮೈಲಿಯ ಮಾರ್ಗವು ಪೂರ್ಣವಾಗಿ ತೆರೆದುದು 2017ನೆಯ ಅಕ್ಟೋಬರ್ 29ರಂದು. ಅದಕ್ಕೆ ಮೊದಲು ರೈಲಿನಲ್ಲಿ ಬರುವವರು ತೆಲುಗು ಸೀಮೆಯ ವಿಕಾರಾಬಾದನ್ನು ಬಳಸಿಕೊಂಡು ಬರಬೇಕಾಗಿದ್ದಿತು. ಈ ಹಾದಿಯಲ್ಲಿ ಬರುವಾಗ ತೊಗರಿ, ಜೋಳ ಬೆಳೆಯುವ ಕಪ್ಪು ಎರೆಯ ಹೊಲಗಳನ್ನು ನೋಡುತ್ತ ಬಂದ ಕಣ್ಣಿಗೆ ಬೀದರ ಸಮೀಪಿಸಿದಂತೆ ನೆಲವು ಕೆಂಪಾಗಿ ಕಾಣುವುದು. ಕರಿಯ ಎರೆಭೂಮಿಯ ನಡುವೆ ಎದ್ದು ನಿಂತ, ಸಮುದ್ರಮಟ್ಟಕ್ಕೆ ಸುಮಾರು 2,300 ಅಡಿ ಎತ್ತರದ ಜಂಬಿಟ್ಟಿಗೆಯ ಹಾಸುಗಲ್ಲೇ ಬೀದರ ಪಟ್ಟಣಕ್ಕೆ ಪೀಠ.

ಈ ಕೆಂಪುಕಲ್ಲಿನ ಗುಣವನ್ನು ಅರಿತರೆ ಊರಿನ ಚರಿತ್ರೆಯ ಅರ್ಧಭಾಗವನ್ನು ಅರಿತಂತೆಯೇ ಸರಿ. ಜಂಬಿಟ್ಟಿಗೆಯು ಸೂಕ್ಷ್ಮ ರಂಧ್ರಗಳಿಂದ ತುಂಬಿದೆ. ಮಳೆಯ ನೀರು ಅದರೊಳಗೆ ಇಂಗಿ ಕೆಳಗಿಳಿಯುತ್ತದೆ. ಅಡಿಯಲ್ಲಿರುವ ಗಟ್ಟಿಯಾದ ಪದರವು ಅದನ್ನು ತಡೆದಾಗ, ನೀರು ಅಡ್ಡಲಾಗಿ ಹರಿದು ದಿಬ್ಬದ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಸಿಖ್ಖರು ಪವಿತ್ರವೆಂದು ಭಾವಿಸುವ ನಾನಕ ಝೀರಾ, ಪಾಪನಾಶದ ಶಿವಾಲಯದ ಬುಗ್ಗೆ, ಎದೆಮಟ್ಟದ ನೀರಿನಲ್ಲಿ ಸುಮಾರು 1,000 ಅಡಿ ನಡೆದು ದರ್ಶನ ಮಾಡಬೇಕಾದ ನರಸಿಂಹ ಝರಣಿ, ಈ ಮೂರಕ್ಕೂ ಒಂದೇ ಬಂಡೆಯು ತಾಯಿ. ಬೇರೆ ಬೇರೆ ಮತಗಳವರು ಬೇರೆ ಬೇರೆ ಹೆಸರಿನಿಂದ ಕೈಮುಗಿಯುವ ನೀರು ಒಂದೇ ಮಳೆಯದು.

ಬಹಮನೀ ಸುಲ್ತಾನ ಅಹಮದಶಹನು (ಆಳ್ವಿಕೆ 1422–1436) ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು, ಕೋಟೆಗೆ ಅದೇ ಬಂಡೆಯಲ್ಲಿ ಮೂರು ಸಾಲಿನ ಕಂದಕವನ್ನು ಕೊರೆಯಿಸಿದನು. ಆ ಕಾಲದಲ್ಲಿ ಪರ್ಷಿಯಾ ದೇಶದ ಜಲವಿದ್ಯೆಯೂ ಬಂದಿತು. ನೌಬಾದದಲ್ಲಿರುವ ಸುರಂಗಬಾವಿಯೇ ಅದರ ಸಾಕ್ಷಿ. ನೆಲದೊಳಗೆ ಮೈಲಿಗೂ ಮಿಗಿಲು ಉದ್ದಕ್ಕೆ ಸ್ವಲ್ಪ ಸ್ವಲ್ಪವೇ ಇಳಿಜಾರಾಗಿ ಸುರಂಗವನ್ನು ತೋಡಿ, ಗಾಳಿಬೆಳಕಿಗಾಗಿಯೂ ಹೂಳೆತ್ತುವುದಕ್ಕಾಗಿಯೂ ಅಲ್ಲಲ್ಲಿ ಮೇಲಿನಿಂದ ಬಾವಿಗಳನ್ನು ಇಳಿಸಿದ್ದಾರೆ. ಇಂಥವು 20ಕ್ಕೂ ಹೆಚ್ಚಾಗಿವೆ. ಕಪಿಲೆ ಬೇಕಿಲ್ಲ, ಎತ್ತು ಬೇಕಿಲ್ಲ. ನೀರು ತಾನಾಗಿ ಹರಿದು ಬರುವುದು.

ಇಂದು ಮೂಲೆಯ ಊರೆನಿಸಿದ ಬೀದರವು ಅಂದು ಲೋಕದ ಸಂತೆಯಾಗಿದ್ದಿತು. 1470ರ ಸುಮಾರಿನಲ್ಲಿ ರಷ್ಯಾದ ವರ್ತಕ ಅಫನಾಸಿ ನಿಕಿತಿನನು ಇಲ್ಲಿಗೆ ಬಂದಿದ್ದನು. ಪರ್ಷಿಯಾದಿಂದ ಬಂದು ಮಂತ್ರಿಪದವಿಗೇರಿದ ಮಹಮೂದ ಗವಾನನು 1472ರಲ್ಲಿ ಮೂರಂತಸ್ತಿನ ವಿದ್ಯಾಲಯವನ್ನು ಕಟ್ಟಿ ಮುಗಿಸಿದನು; ಖೋಟಾ ಪತ್ರವೊಂದನ್ನು ನಂಬಿದ ಸುಲ್ತಾನನು 1481ರಲ್ಲಿ ಅವನನ್ನೇ ಕೊಲ್ಲಿಸಿದನು. 17ನೆಯ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ವಿದ್ಯಾಲಯದ ಒಂದು ಭಾಗ ಹಾಳಾಯಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಇನ್ನೂ ಹೊಳೆಯುತ್ತಿವೆ. ಅಷ್ಟೂರಿನಲ್ಲಿರುವ ಅಹಮದಶಹನ ಗೋರಿಗೆ ಉರುಸಿನ ದಿನ ಮುಸಲ್ಮಾನರೊಡನೆ ಲಿಂಗಾಯತರೂ ಬರುತ್ತಾರೆ. ಅವನನ್ನು ಅಲ್ಲಮಪ್ರಭುವೆಂದೇ ಭಾವಿಸುವವರುಂಟು. ಸತುವಿಗೆ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆಗಳನ್ನು ಕೂರಿಸುವ ಬಿದರಿ ಕೆಲಸವೂ ಈ ನೆಲದ್ದೇ. ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ತಿಕ್ಕಿದಾಗ ಲೋಹವು ಕಪ್ಪಾಗುವುದು, ಬೆಳ್ಳಿ ಮಾತ್ರ ಬೆಳಗುವುದು.

ಭಾಲ್ಕಿಯಲ್ಲಿ ನಾವು ಕಂಡುದು ಬೇರೊಂದು ಬಗೆಯ ಒರತೆ. ನಿಜಾಮರ ಆಳ್ವಿಕೆಯಲ್ಲಿ ಶಾಲೆಗಳ ಭಾಷೆ ಉರ್ದುವಾಗಿದ್ದಿತು. ಇಲ್ಲಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕವನ್ನು ತೂಗಹಾಕಿ, ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಮೇಲೆ ಕಾಣದೆ ಹರಿದ ಆ ಕನ್ನಡವೇ ಇಂದು ಈ ಸೀಮೆಯ ಮನೆಮನೆಯ ಅಕ್ಷರವಾಗಿದೆ.

ಪಟ್ಟದ್ದೇವರು ಹುಟ್ಟಿದ ಕಮಲನಗರವು ಬಹುಕಾಲ ಔರಾದ ತಾಲ್ಲೂಕಿಗೆ ಸೇರಿದ್ದಿತು. ಔರಾದವೆಂದರೆ ಅಮರೇಶ್ವರನ ಊರು, ದೇವಣಿ ದನಗಳ ಸೀಮೆ. ಕೃಷ್ಣೆ, ಕಾವೇರಿಯರ ಹೆಸರಿನಲ್ಲಿ ಬೆಳೆದ ಕನ್ನಡಿಗರಿಗೆ ಇಲ್ಲಿ ಒಂದು ಅಚ್ಚರಿ ಕಾದಿರುತ್ತದೆ: ಇಲ್ಲಿಯ ಹಳ್ಳಕೊಳ್ಳಗಳು ಮಾಂಜ್ರಾ ನದಿಯನ್ನು ಸೇರಿ ಗೋದಾವರಿಗೆ ಹೋಗುತ್ತವೆ. ಮಾತಿನಲ್ಲಿಯೂ ಹಾಗೆಯೇ, ಸಂತೆಯಲ್ಲಿ ಒಬ್ಬರೇ ಕನ್ನಡ, ಮರಾಠಿ, ಉರ್ದುಗಳನ್ನು ಸರಾಗವಾಗಿ ಆಡುವರು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರಿತು. 1956ನೆಯ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು: ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ. ನಾಡಿನ ನಡುವಿದ್ದ ಊರು ಗಡಿಯ ಊರಾದುದು ಹೀಗೆ. ಬೀದರದ ದೂರವನ್ನು ಹೆಚ್ಚಿಸಿದ್ದು ನೆಲವಲ್ಲ, ನಕಾಶೆಯ ಗೆರೆ.

ಈ ನಡುಗಡ್ಡೆಯು ತನ್ನ ಒಡಲಿನ ನೀರನ್ನು ನಂಬಿ ಬಾಳಿದುದು. ಆದರೆ ಕೊಳವೆಬಾವಿಗಳು ಆಳಕ್ಕಿಳಿದಂತೆ, ಸುರಂಗದ ಬಾವಿಗಳ ಬಾಯಿ ಕಸದಿಂದಲೂ ಕಟ್ಟಡಗಳಿಂದಲೂ ಮುಚ್ಚಿದಂತೆ, ಒರತೆಗಳು ಬಡವಾಗುವುವು. ಇದೇ ಮಾಂಜ್ರಾ ಕೊಳ್ಳದ ಲಾತೂರಿಗೆ 2016ರ ಬೇಸಗೆಯಲ್ಲಿ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಅದಕ್ಕೂ ಸ್ವಲ್ಪ ಮೊದಲೇ ನೌಬಾದದ ಸುರಂಗದ ಹೂಳನ್ನು ತೆಗೆಯಿಸುವ ಕೆಲಸ ಆರಂಭವಾದುದು ಸಮಾಧಾನದ ಸಂಗತಿ. ಸಂಸಾರಸಹಿತ ಬೀದರಕ್ಕೆ ಹೋಗುವ ವಾಚಕರು ಕೋಟೆಯ ಕೊತ್ತಲಗಳಷ್ಟಕ್ಕೇ ತೃಪ್ತರಾಗದೆ, ಮಕ್ಕಳನ್ನು ನೌಬಾದಕ್ಕೆ ಕರೆದೊಯ್ದು ಆ ಬಾವಿಯ ಬಾಯಲ್ಲಿ ಒಮ್ಮೆ ಇಣುಕಿಸಲಿ. ಕೆಳಗೆ ನೀರು ಮಿನುಗಿದರೆ, ಆರು ನೂರು ವರುಷಗಳ ಹಿಂದಿನವರು ಅದನ್ನು ಹೇಗೆ ತಂದರೆಂಬುದನ್ನು ತಂದೆತಾಯಿಗಳು ಅಲ್ಲಿಯೇ ತಿಳಿಸಿಹೇಳಬಹುದು.