ಗಾಳ, ಕಯಾಕು, ಹರಿಗೋಲು

ಹರಿಗೋಲಿಗೆ ಮುಂದು ಹಿಂದು ಅಂತ ಇಲ್ಲ. ಅಂಬಿಗ ಎತ್ತ ಮುಖ ಮಾಡಿ ಹುಟ್ಟು ಹಾಕುತ್ತಾನೋ ಅದೇ ಅದರ ಮುಂದು. ಆನೆಗೊಂದಿಯಿಂದ ತಳವಾರಘಟ್ಟಕ್ಕೆ ತುಂಗಭದ್ರಾ ಹೊಳೆ ದಾಟಿದವರಿಗೆಲ್ಲ ಇದು ಗೊತ್ತು. ಹತ್ತಿ ಕುಂತಾಗ ಎದುರಿಗಿದ್ದ ಬಂಡೆ ನಡುಹೊಳೆಯಲ್ಲಿ ಬೆನ್ನಿಗೆ ಬಂದಿರುತ್ತದೆ, ದಂಡೆ ಮುಟ್ಟುವಷ್ಟರಲ್ಲಿ ಮತ್ತೆ ಎದುರಿಗೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಈ ಸುತ್ತಾಟವನ್ನು ಗಮನಿಸಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ. ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ. ಆದರೆ ಬೇರೆ ದೋಣಿಗಳ ಹಾಗೆ ನೇರ ಹೋಗುವುದಿಲ್ಲ ಎಂದು. ಅದಾಗಿ ಐದು ನೂರು ವರ್ಷವಾಯಿತು. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು. ಈಗೀಗ ಫೈಬರ್‌ನವೂ ಬಂದಿವೆ. ಸುತ್ತುವುದು ಮಾತ್ರ ಬಿಟ್ಟಿಲ್ಲ.

ಕಯಾಕ್ ನೇರ ಹೋಗಲಿಕ್ಕೆಂದೇ ಹುಟ್ಟಿದ್ದು. ಉತ್ತರ ಧ್ರುವದ ಅಂಚಿನ ಇನ್ಯೂಟ್ ಜನ ತೇಲಿ ಬಂದ ಕಟ್ಟಿಗೆ, ತಿಮಿಂಗಿಲದ ಎಲುಬು ಕೂಡಿಸಿ ಹಂದರ ಕಟ್ಟಿ, ಅದರ ಮೇಲೆ ಸೀಲ್ ತೊಗಲು ಹೊಲಿದು, ಒಬ್ಬನೇ ಕುಂತು ಬೇಟೆಗೆ ಹೋಗಲು ಮಾಡಿಕೊಂಡ ದೋಣಿ ಅದು. ಸದ್ದಾಗದಂತೆ ಪ್ರಾಣಿಯ ಸಮೀಪ ಸರಿಯಬೇಕು, ಆದ್ದರಿಂದ ಸಪೂರ, ಉದ್ದ. ನಮ್ಮ ಹೊಳೆಯ ತುಂಬ ಬಂಡೆ. ಜನ, ಚೀಲ, ಸೈಕಲ್ಲು ಎಲ್ಲ ಹೊತ್ತುಕೊಂಡು ಮೊಣಕಾಲುದ್ದ ನೀರಿನಲ್ಲೂ ತಳ ತಾಗದಂತೆ ತೇಲಬೇಕು, ಬಂಡೆಗೆ ಬಡಿದರೂ ಒಡೆಯದೆ ಪಕ್ಕಕ್ಕೆ ಜಾರಬೇಕು. ಆದ್ದರಿಂದ ಹರಿಗೋಲು ದುಂಡು, ಚಪ್ಪಟೆ ತಳ. ಎಲ್ಲಿಯ ಹಿಮ, ಎಲ್ಲಿಯ ತುಂಗಭದ್ರೆ! ಆದರೂ ಹಂದರದ ಮೇಲೆ ತೊಗಲು ಹೊದಿಸಿದರೆ ತೇಲುತ್ತದೆ ಎಂಬ ಒಂದೇ ಬುದ್ಧಿ ಎರಡೂ ಕಡೆ ಕೆಲಸ ಮಾಡಿದೆ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕೂಡ ಬ್ಯಾಬಿಲೋನಿನ ಹೊಳೆಯಲ್ಲಿ ದುಂಡನೆಯ ತೊಗಲಿನ ದೋಣಿಗಳನ್ನು ಕುರಿತು ಬರೆದಿದ್ದಾನೆ. ನೀರಿನ ಪಕ್ಕ ಬದುಕುವವರ ಬುದ್ಧಿಗೆ ಸೀಮೆಯಿಲ್ಲ ಎಂದು ನನಗೆ ಇಂಥದ್ದನ್ನು ಓದಿದಾಗಲೆಲ್ಲ ಖುಷಿಯಾಗುತ್ತದೆ.

ಈ ಎರಡರಲ್ಲೂ ಕುಂತು ಮೀನು ಹಿಡಿಯುವುದನ್ನು ನೋಡುವ ಭಾಗ್ಯ ನನಗೆ ಸಿಕ್ಕಿತು. ಮಗ, ಸೊಸೆ ಸಿಡ್ನಿಯಲ್ಲಿದ್ದಾರೆ. ಈಗ ಗಂಗಾವತಿ, ಕೊಪ್ಪಳದಲ್ಲಿ ಓಣಿಗೆ ಒಬ್ಬರಾದರೂ ವೀಸಾದ ಮಾತಾಡುವ ಅಪ್ಪ ಅಮ್ಮ ಸಿಗುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿಕೊಂಡು ಹೋಗುತ್ತೇವೆ. ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ತಿನ್ನುವ ಸಾಮಾನನ್ನೆಲ್ಲ ಚೀಟಿಯಲ್ಲಿ ಬರೆದು ಹೇಳಬೇಕು. ಅವರು ಬಿಚ್ಚಿ ನೋಡಿ ಬಿಡುತ್ತಾರೆ. ಆಮೇಲೆ ಮೊಮ್ಮಗು, ಪಾರ್ಕು, ಗುಡಿ, ವಾರದ ಸಂತೆಗೆ ಬದಲು ಮಾಲ್. ಬಹಳ ಮಂದಿ ಹಿರಿಯರು ಅಷ್ಟರಲ್ಲೇ ಆರು ತಿಂಗಳು ಮುಗಿಸಿ ಬರುತ್ತಾರೆ. ಆ ನೆಲದ ನೀರಿನಲ್ಲಿ ಇಳಿಯದೆ, ಅಲ್ಲಿಯ ಜನ ರಜೆಯನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು ಅವರ ನಡುವೆ ಕುಂತು ನೋಡದೆ ಬಂದರೆ ಏನೋ ಕಳೆದುಕೊಂಡ ಹಾಗೆಯೇ ಎಂದು ನನ್ನ ಅಭಿಪ್ರಾಯ.

ನೀರು ಅಂದರೆ ನನಗೆ ಮೊದಲಿನಿಂದಲೂ ಒಂದು ಸೆಳೆತ. ಹುಟ್ಟಿದ್ದು ಯಲಬುರ್ಗಾ ಸೀಮೆಯ ಎರೆ ಹೊಲಗಳ ಊರಲ್ಲಿ. ಅಲ್ಲಿ, ಕುಷ್ಟಗಿಯಲ್ಲಿ ಮಳೆ ಕೈಕೊಟ್ಟರೆ ಜೋಳವೂ ಇಲ್ಲ, ಕಡಲೆಯೂ ಇಲ್ಲ. ಮಾಸ್ತರಿಕೆಗೆ ಗಂಗಾವತಿಗೆ ಬಂದಾಗ ಎಡದಂಡೆ ಕಾಲುವೆಯ ಕೆಳಗೆ ಕಣ್ಣು ಹಾಯುವತನಕ ಭತ್ತ ನೋಡಿ ಇದು ಬೇರೆಯೇ ದೇಶ ಅನ್ನಿಸಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ನಾವು ಸಿಡ್ನಿಯಲ್ಲಿದ್ದೆವು. ಅಲ್ಲಿ ಆಗ ಚಳಿಗಾಲದ ಬೆಳಗಿನ ಜಾವ. ತುಂಬಿ ನಿಂತಿದ್ದ ಜಲಾಶಯ. ಅಣೆಕಟ್ಟಿಗೆ ಭಾರವಾಗಬಾರದೆಂದು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. 133 ಟಿಎಂಸಿ ಎಂದು ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ ಉಳಿದಿರುವುದೇ ಸುಮಾರು 105 ಟಿಎಂಸಿಯ ಜಾಗ. ಅದೂ ಹೀಗೆ ಹರಿದು ಹೋದರೆ ಎರಡನೇ ಬೆಳೆಯ ಗತಿ ಏನು? ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡತಡೆಗಳನ್ನು ಇಳಿಸಿ ವಾರದಲ್ಲಿ ನೀರು ನಿಲ್ಲಿಸಿದ ಸುದ್ದಿ ಬರುವತನಕ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮುಂದೆ ಮಳೆಯೂ ಕೈ ಹಿಡಿಯಿತು, ಜಲಾಶಯ ಮತ್ತೆ ತುಂಬಿತು.

ಅಕ್ಟೋಬರಿಗೆ ಅಲ್ಲಿ ವಸಂತ. ಉದ್ದನೆಯ ರಜೆ ಬಂತೆಂದು ಮಗ ಕಾರಿನ ತಲೆಯ ಮೇಲೆ ಕಯಾಕುಗಳನ್ನು ಕಟ್ಟಿ ಲೇಕ್ ಮಕ್ವಾರಿಗೆ ಕರೆದುಕೊಂಡು ಹೋದ. ಸಿಡ್ನಿಯಿಂದ ಉತ್ತರಕ್ಕೆ ಎರಡು ತಾಸಿನ ದಾರಿ. ಸುಮಾರು 110 ಚದರ ಕಿಲೋಮೀಟರಿನ ಉಪ್ಪುನೀರು. ಸ್ವಾನ್ಸಿ ಎಂಬಲ್ಲಿ ಒಂದು ಕಾಲುವೆಯ ಮೂಲಕ ಸಮುದ್ರಕ್ಕೆ ತೆರೆದುಕೊಂಡಿದೆ. ನಮ್ಮ ತುಂಗಭದ್ರಾ ಜಲಾಶಯ ತುಂಬಿದಾಗ ಇದರ ಮೂರು ಪಟ್ಟಿಗಿಂತ ದೊಡ್ಡದು. ಅದನ್ನು ಮಗನಿಗೆ ನೆನಪು ಮಾಡಿಕೊಟ್ಟೆ.

ಮಗನ ಕಯಾಕಿನಲ್ಲಿ ತೊಗಲೂ ಇಲ್ಲ, ಎಲುಬೂ ಇಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್. ಒಳಗೆ ಇಳಿದು ಕೂಡುವುದಲ್ಲ, ಮೇಲೇ ಕೂಡುವುದು. ಅಲೆಯ ನೀರು ಒಳಗೆ ಬಂದರೆ ಇಳಿದು ಹೋಗಲು ತಳದಲ್ಲಿ ತೂತುಗಳಿವೆ. ಬೆನ್ನ ಹಿಂದೆ ಗಾಳದ ಕೋಲು ನಿಲ್ಲಿಸಲು ಎರಡು ಕೊಳವೆ, ಕಾಲ ಬಳಿ ಡಬ್ಬಿ. ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಲೈಫ್ ಜಾಕೆಟಿನ ಪಟ್ಟಿ ಎಳೆದು ಬಿಗಿದು ನೋಡುವತನಕ ಮಗ ನನ್ನನ್ನು ನೀರಿಗೆ ಬಿಡಲಿಲ್ಲ.

‘ಅಪ್ಪಾ, ಕಾಲು ಚಾಚಿ ಆರಾಮ ಕೂಡ್ರಿ. ಮೈ ಬಿಗಿ ಹಿಡೀಬ್ಯಾಡ್ರಿ.’

ನೀರು ಸೊಂಟದ ಮಟ್ಟಕ್ಕೆ, ಕೈಗೆ ಸಿಗುವಷ್ಟು ಹತ್ತಿರ. ಎರಡೂ ಕಡೆ ಹುಟ್ಟು ಹಾಕಿದರೆ ಸರ್ರನೆ ಮುಂದೆ ಓಡುತ್ತದೆ. ನಿಂತರೆ ಗಾಳಿ ಅಡ್ಡಡ್ಡ ತಳ್ಳುತ್ತದೆ. ದಂಡೆಯ ಹುಲ್ಲು ಮುಗಿದು ನೀರು ಒಮ್ಮೆಲೇ ಆಳವಾಗುವ ಅಂಚು ಹುಡುಕಬೇಕು. ಅಲ್ಲಿ ಸೀಸದ ತಲೆಯ ಗಾಳಕ್ಕೆ ರಬ್ಬರಿನಂಥ ಮೆತ್ತನೆಯ ಹುಸಿ ಮೀನು ಸಿಕ್ಕಿಸಿ ಎಸೆಯಬೇಕು. ತಳ ಮುಟ್ಟಲಿ. ಕೋಲನ್ನು ಎರಡು ಸಲ ಸಣ್ಣಗೆ ಎತ್ತಿ ಮತ್ತೆ ಇಳಿಯಬಿಡಬೇಕು. ಹೆಚ್ಚಾಗಿ ಇಳಿಯುವಾಗಲೇ ಮೀನು ಹಿಡಿಯುತ್ತದೆ. ಅಲ್ಲಿಯ ಫ್ಲಾಟ್‌ಹೆಡ್ ಎಂಬ ಮೀನಿನದು ತಟ್ಟಿದ ರೊಟ್ಟಿಯಂತೆ ಚಪ್ಪಟೆ ತಲೆ. ಮರಳಿನಲ್ಲಿ ಮೈ ಹುದುಗಿಸಿಕೊಂಡು, ಕಣ್ಣು ಮಾತ್ರ ಹೊರಗಿಟ್ಟು, ಮೇಲೆ ಹಾಯುವ ಸಣ್ಣ ಮೀನಿಗೆ ಹೊಂಚು ಹಾಕುತ್ತದೆ. ಕಿವಿರಿನ ಪಕ್ಕದಲ್ಲಿ ಮುಳ್ಳುಗಳಿವೆ, ಬರಿಗೈಯಲ್ಲಿ ಹಿಡಿಯುವಂತಿಲ್ಲ. ಮಗನ ಕೋಲು ಬಾಗಿ, ದಾರ ಕೆಳಕ್ಕೆ ಕೆಳಕ್ಕೆ ಎಳೆದು, ಕೊನೆಗೆ ಆ ಕಂದು ತಲೆ ನೀರಿನ ಮೇಲೆ ಬಂದಾಗ ನನ್ನ ಎದೆ ಹೊಡೆದುಕೊಂಡದ್ದು ನನಗೇ ಕೇಳಿಸಿತು.

ಮೀನನ್ನು ಮಗ ನೇರ ಡಬ್ಬಿಗೆ ಹಾಕಲಿಲ್ಲ. ಒದ್ದೆ ಬಟ್ಟೆಯಲ್ಲಿ ಹಿಡಿದು ಅಳತೆಯ ಹಾಳೆಯ ಮೇಲೆ ಮಲಗಿಸಿದ. 36 ಸೆಂಟಿಮೀಟರಿಗಿಂತ ಚಿಕ್ಕದಾದರೆ ಬಿಡಬೇಕು, 70ಕ್ಕಿಂತ ದೊಡ್ಡದಾದರೂ ಬಿಡಬೇಕು. ಚಿಕ್ಕದನ್ನು ಬಿಡುವುದು ಸರಿ, ದೊಡ್ಡದನ್ನು ಯಾಕೆ? ಈ ಜಾತಿಯಲ್ಲಿ ಅಷ್ಟು ದೊಡ್ಡದಾಗುವುದು ಹೆಣ್ಣು. ಮುಂದಿನ ವರ್ಷದ ಮೀನೆಲ್ಲ ಅದರ ಹೊಟ್ಟೆಯಲ್ಲಿದೆ. ಇದನ್ನು ಕೇಳಿ ನನಗೆ ನಮ್ಮ ಕಡೆ ಮುಂಗಾರಿನ ಹೊಸ ನೀರಿಗೆ ಎದುರು ಏರುವ ಮೀನುಗಳ ನೆನಪಾಯಿತು. ಹೊಟ್ಟೆ ತುಂಬ ತತ್ತಿ ಹೊತ್ತು ಹಳ್ಳಗಳಿಗೆ ಏರುತ್ತವೆ. ಜನ ಬುಟ್ಟಿ, ಸೀರೆ, ಸೊಳ್ಳೆ ಪರದೆ ಹಿಡಿದು ಬಾಚುತ್ತಾರೆ. ಬಾಚುವ ಆ ಕೆಲವು ದಿನ ತಡೆದುಕೊಂಡರೆ ವರ್ಷವಿಡೀ ಬಲೆ ತುಂಬುತ್ತದೆ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ನಾವು ಹಿಡಿದದ್ದು ಅಳತೆಗೆ ಸರಿಯಾಗಿತ್ತು. ಆದರೂ ಬಿಟ್ಟೆವು. ಸೊಸೆ ಮನೆಯಲ್ಲಿ ಘಟ ಕೂಡಿಸಿದ್ದಳು. ನವರಾತ್ರಿಯಲ್ಲಿ ಮೀನು ಮಾಂಸ ಇಲ್ಲ. ಇಲ್ಲಿ ಗಂಗಾವತಿ ಕಡೆಯ ಹೇಮಗುಡ್ಡದಲ್ಲಿ ದಸರೆಯ ಸಿದ್ಧತೆ ನಡೆದಿದ್ದ ಹೊತ್ತು ಅದು. ಮೀನು ಒಂದು ಗಳಿಗೆ ಕಯಾಕಿನ ಪಕ್ಕ ಸುಮ್ಮನೆ ನಿಂತು, ಬಾಲ ಬಡಿದು ತಳಕ್ಕೆ ಹೋಯಿತು.

ಊರಿಗೆ ಬಂದ ಮೇಲೆ ತುಂಗಭದ್ರಾ ಹಿನ್ನೀರಿನ ದಂಡೆಯ ಮೀನುಗಾರ ಗೆಳೆಯನೊಬ್ಬನಿಗೆ ಇದನ್ನು ಹೇಳಿದೆ. ಬಲೆಯ ಹರಿದ ಕಣ್ಣು ಹೆಣೆಯುತ್ತ ಕುಂತಿದ್ದ. ಕೈ ನಿಲ್ಲಿಸಿದ.

‘ಬಿಟ್ಟ ಬಿಟ್ರ್ಯಾ ಮಾಸ್ತರ? ಮತ್ತ ಹಿಡಿದದ್ದರ ಯಾಕ್ರಿ?’

ಆ ಪ್ರಶ್ನೆಗೆ ನಾನು ತೂಕ ಕೊಡುತ್ತೇನೆ. ಅವನು ಸಂಜೆ ಬಲೆ ಬಿಟ್ಟು, ನಸುಕಿನಲ್ಲಿ ಎತ್ತಿ, ಕಾಟ್ಲಾ, ರೋಹು, ಜಿಲೇಬಿ ಬೇರೆ ಬೇರೆ ಮಾಡಿ ಮಾರಿ ಮನೆ ನಡೆಸುವವನು. ಕಾಟ್ಲಾ, ರೋಹು ಗಂಗೆಯ ಕಡೆಯಿಂದ ತಂದು ಬಿಟ್ಟ ಮೀನುಗಳು, ಈಗ ನಮ್ಮ ಸಂತೆಯವೇ ಆಗಿವೆ. ಹರಿಗೋಲಿನಲ್ಲಿ ಇಬ್ಬರು ಬೇಕು: ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ಬಲೆ ಬಿಡಬೇಕು. ಹುಟ್ಟಿನವನು ಅಂಚಿಗೆ ಮೊಣಕಾಲು ಊರಿ, ಮುಂದಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತ ಹೋಗುತ್ತಾನೆ. ಹಾಗೆ ಎಳೆದಾಗ ಮಾತ್ರ ಹರಿಗೋಲು ಸುತ್ತುವುದನ್ನು ಬಿಟ್ಟು ಅವನು ಹೇಳಿದತ್ತ ಬರುತ್ತದೆ. ಅಂಬಿಗರ ಚೌಡಯ್ಯ ಹನ್ನೆರಡನೇ ಶತಮಾನದಲ್ಲಿ ಇದೇ ಹೊಳೆಯ ದಂಡೆಯಲ್ಲಿ, ಈಗಿನ ಹಾವೇರಿ ಜಿಲ್ಲೆಯ ಚೌಡದಾನಪುರದಲ್ಲಿ, ಮಾಡಿದ್ದು ಇದೇ ಕಾಯಕ. ಹೊಟ್ಟೆಪಾಡಿನ ಈ ಮೀನುಗಾರಿಕೆಗೂ ರಜೆಯ ಗಾಳಕ್ಕೂ ಒಂದೇ ಹೆಸರಿಡಲು ನನಗೆ ಮನಸ್ಸಿಲ್ಲ.

ಆದರೆ ವಿನೋದಕ್ಕೆ ಗಾಳ ಹಾಕುವುದು ಪರದೇಶದವರ ಹುಚ್ಚು ಎನ್ನುವುದನ್ನೂ ಒಪ್ಪಲಾರೆ. ನಮ್ಮ ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕ ಆ ಚೆಲುವಾದ ಗುಡಿ ಕಟ್ಟಿಸಿದನಲ್ಲ, ಆಗ ಆಳುತ್ತಿದ್ದವನು ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯ. ಅವನ ಮಗ ಮೂರನೇ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ನೂರು ಅಧ್ಯಾಯಗಳಲ್ಲಿ ರಾಜ್ಯಭಾರ, ಅಡುಗೆ, ಸಂಗೀತ, ಆನೆ, ರತ್ನ ಎಲ್ಲ ಬರುತ್ತವೆ. ಜೊತೆಗೆ ಮತ್ಸ್ಯವಿನೋದ ಎಂಬ ಭಾಗವೂ ಇದೆ. ಗಾಳದ ಕೋಲು ಹೇಗಿರಬೇಕು, ದಾರ ಯಾವುದರಿಂದ ಹೊಸೆಯಬೇಕು, ಯಾವ ಮೀನಿಗೆ ಯಾವ ಎರೆ, ಎಲ್ಲವನ್ನೂ ಹೇಳುತ್ತಾನೆ. ಮೀನಿನ ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಇದರ ಮೇಲೆ ಲೇಖನ ಬರೆದ ಮೇಲೆ ಹೊರಗಿನವರಿಗೂ ತಿಳಿಯಿತು. ಈ ಸೀಮೆಯನ್ನು ಆಳಿದ ಅರಸನೇ ಗಾಳದ ವಿನೋದವನ್ನು ಬರೆದಿಟ್ಟವನು ಎಂದು ನಮ್ಮ ಶಾಲೆಯ ಹುಡುಗರಿಗೆ ಹೇಳಬೇಕು. ನಾನಂತೂ ಹೇಳುತ್ತಿದ್ದೆ.

ಲೇಕ್ ಮಕ್ವಾರಿಯ ಇನ್ನೊಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ. ಆ ಸರೋವರವಿರುವ ರಾಜ್ಯದಲ್ಲಿ ಗಾಳ ಹಾಕುವವರು ಶುಲ್ಕ ಕಟ್ಟಬೇಕು: ಮೂರು ದಿನಕ್ಕೆ 7 ಡಾಲರ್, ತಿಂಗಳಿಗೆ 14, ವರ್ಷಕ್ಕೆ 35. ಆ ದುಡ್ಡು ಒಂದು ನಿಧಿಗೆ ಹೋಗಿ ಮೀನಿನ ಕೆಲಸಕ್ಕೇ ಬಳಕೆಯಾಗುತ್ತದೆ. ಒಳ್ಳೆಯದು. ಆದರೆ ಅದೇ ನಿಧಿಯಿಂದ ವೃತ್ತಿಯ ಮೀನುಗಾರರಿಗೆ ಪರಿಹಾರ ಕೊಟ್ಟು ಅವರ ಪರವಾನಗಿಗಳನ್ನು ಕೊಂಡು, 2002ರಲ್ಲಿ ಈ ಸರೋವರವನ್ನು ಹವ್ಯಾಸಿಗಳಿಗೆಂದೇ ಮೀಸಲಿಟ್ಟರು. ಅಲ್ಲಿ ಅದು ಒಪ್ಪಿತವಾಗಿರಬಹುದು. ತುಂಗಭದ್ರೆಯಲ್ಲಿ ಹೀಗಾಗುವುದು ನನಗೆ ಬೇಡ. ಇಲ್ಲಿ ಅಂಬಿಗರು, ಬೆಸ್ತರು ಮೊದಲು. ರಜೆಗೆ ಬಂದವರು ಆಮೇಲೆ. ಸೇತುವೆಗಳಾದ ಮೇಲೆ ದಾಟುವ ಮಂದಿ ಕಡಿಮೆಯಾಗಿ, ಸಾಣಾಪುರದ ಕೆರೆಯಲ್ಲಿ ಪ್ರವಾಸಿಗರನ್ನು ಕೂಡಿಸಿಕೊಂಡು ಸುತ್ತಿಸುವುದೇ ಈಗ ಹರಿಗೋಲಿನವರ ದುಡಿಮೆ. ಆ ದುಡಿಮೆಗೆ ಗಾಳವೂ ಕೂಡಿದರೆ ಅದರ ಕಾಸು ಅವರ ಕೈಗೇ ಬರಬೇಕು.

ಹೊಳೆಯಲ್ಲಿ ಇನ್ನೊಬ್ಬ ಪಾಲುದಾರನಿದ್ದಾನೆ: ನೀರುನಾಯಿ. ಅಣೆಕಟ್ಟಿನಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಸಾರಿದರು. ದೇಶದಲ್ಲಿ ಅಂಥದ್ದು ಇದೇ ಮೊದಲು. ಬಲೆ ಹರಿದು ಮೀನು ಎಳೆದುಕೊಂಡು ಹೋಗುತ್ತದೆಂದು ಮೀನುಗಾರರಿಗೆ ಅದರ ಮೇಲೆ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದೇ. ಆದರೆ ಹೊಳೆಯನ್ನು ನಿಜವಾಗಿ ಬರಿದು ಮಾಡುವುದು ಮದ್ದು ಸಿಡಿಸಿ ಮೀನು ಕೊಲ್ಲುವವರು. ಮರಿ, ತತ್ತಿ, ನೀರುನಾಯಿ ಯಾವುದೂ ಅದರಿಂದ ಉಳಿಯುವುದಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳು ಮುಂದೆ ನಿಂತಾಗ ಹಿರೇಹಳ್ಳದ ಕಸ, ಜಾಲಿ ತೆಗೆಯಲು ಊರೂರಿನ ಜನ ಕೈ ಜೋಡಿಸಿದ್ದರು. ಮದ್ದಿನವರನ್ನು ತಡೆಯಲಿಕ್ಕೂ ದಂಡೆಯ ಊರುಗಳು ಹಾಗೇ ಏಳಬೇಕು. ಇಲಾಖೆಯೊಂದರಿಂದಲೇ ಆಗುವ ಕೆಲಸವಲ್ಲ.

ಮಗ ಮುಂದಿನ ಸಂಕ್ರಾಂತಿಗೆ ಬರುತ್ತಾನೆ. ಅವನಿಗೆ ಹಿನ್ನೀರಿನಲ್ಲಿ ಹರಿಗೋಲಿನ ಮೇಲೆ ಕುಂತು ಬಾಳೆಮೀನು ಹಿಡಿಯುವುದನ್ನು ನೋಡುವ ಆಸೆ. ಗೆಳೆಯನನ್ನು ಕೇಳಿದೆ. ಒಪ್ಪಿದ, ಕರಾರು ಹಾಕಿದ.

‘ಬರಲಿ ಮಾಸ್ತರ. ಆದರ ಸಂಜಿಗೆ ಬಲಿ ಬಿಡಾಕೂ ಬರಬೇಕು, ನಸುಕಿನ್ಯಾಗ ಎತ್ತಾಕೂ ಬರಬೇಕು. ಗಾಳಿ ಎದ್ದರ ಹೊಳ್ಳಿ ಬರೂದು, ಆಗ ಮಾತು ಬೆಳೆಸಂಗಿಲ್ಲ. ನಾ ಹೇಳಿದ್ದ ಮಾತು.’

ನನ್ನ ಕಡೆಯಿಂದಲೂ ಕರಾರು ಹೇಳಿದೆ. ದಿನದ ಕೂಲಿ ಅವನದು, ಬಲೆಗೆ ಬಿದ್ದ ಮೀನೂ ಅವನದೇ. ನಮಗೆ ಬೇಕಾದದ್ದನ್ನು ರೊಕ್ಕ ಕೊಟ್ಟು ಕೊಳ್ಳುತ್ತೇವೆ. ಮಗ ಬರುವಾಗ ಲೈಫ್ ಜಾಕೆಟ್‌ಗಳನ್ನು ತರುತ್ತಾನೆ. ಹರಿಗೋಲಿನಲ್ಲಿ ಎಷ್ಟು ಜನವೋ ಅಷ್ಟು ತಾ, ಹೋಗುವಾಗ ಎಲ್ಲವನ್ನೂ ಇಲ್ಲೇ ಅವನ ಹತ್ತಿರ ಬಿಟ್ಟು ಹೋಗು ಎಂದು ಹೇಳಿಟ್ಟಿದ್ದೇನೆ.